ಅಡುಗೆಮನೆ ಕಡೆಗೆ ಬಾಣ

ವಾದದಲ್ಲಿ ಗೆದ್ದು ಟಿವಿಯನ್ನು ಕಳೆದುಕೊಂಡ ಕೆಲವು ದಿನಗಳ ಬಗ್ಗೆ ಹೇಳಬೇಕಿದೆ. ಟಿವಿ ಕಳುವಾಗಲಿಲ್ಲ, ಒಡೆಯಲೂ ಇಲ್ಲ. ವಿಜಯವಾಡದ ನಮ್ಮ ಹೊಸ ಮನೆಯ ಹಾಲ್‌ನಲ್ಲಿ ಗೋಡೆಯ ಮೇಲೆ ಅಚ್ಚುಕಟ್ಟಾಗಿ ಕೂತು, ನೀಲಿ ಪರದೆಯ ನಡುವೆ 'ಸಿಗ್ನಲ್ ಇಲ್ಲ' ಎಂಬ ಎರಡೇ ಪದಗಳನ್ನು ತೋರಿಸುತ್ತ ಆರೋಗ್ಯವಾಗಿಯೇ ಇತ್ತು. ಅದರೆದುರಿನ ಕುರ್ಚಿಯಲ್ಲಿ ಅಜ್ಜಿ ಕೂತಿರುತ್ತಿದ್ದಳು. ಆ ಎರಡು ಪದಗಳಿಗೆ ನಾನೇ ಕಾರಣ ಎಂಬುದು ಅವಳಿಗೆ ನನಗಿಂತ ಎರಡು ದಿನ ಮೊದಲೇ ಗೊತ್ತಿತ್ತು ಅನ್ನಿಸುತ್ತದೆ.

ಅಪ್ಪ ಧಾರವಾಡದ ಕಡೆಯವರು. ವಿಶಾಖಪಟ್ಟಣದ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್ ಆಗಿ ಸೇರಿ, ವಿಜಯವಾಡದ ತೆಲುಗು ಹುಡುಗಿಯನ್ನು ಮದುವೆಯಾಗಿ, ಟೌನ್‌ಶಿಪ್‌ನ ಕ್ವಾರ್ಟರ್ಸ್‌ನಲ್ಲಿ ನನ್ನನ್ನು ಬೆಳೆಸಿ, ಈ ವರ್ಷ ನಿವೃತ್ತರಾದರು. ಅಜ್ಜಿ ಅಪ್ಪನ ತಾಯಿ. ನಾನು ಎರಡನೇ ತರಗತಿಯಲ್ಲಿದ್ದಾಗ ನಮ್ಮ ಜೊತೆ ಇರಲು ಬಂದವಳು. ನಿವೃತ್ತಿಯಾದ ಮೇಲೆ ಅಮ್ಮನ ಊರಿಗೆ ಹೋಗುವುದೆಂದು ಅಪ್ಪ ಅಮ್ಮನ ನಡುವೆ ಮದುವೆಯ ಕಾಲದ ಕರಾರಿತ್ತಂತೆ. ಬೆಂಜ್ ಸರ್ಕಲ್‌ನಿಂದ ಎರಡು ಬೀದಿ ಒಳಗೆ, ಐದು ಮಹಡಿಯ ಕಟ್ಟಡದ ಕೊನೆಯ ಮಹಡಿಯಲ್ಲಿ ಮನೆ ಸಿಕ್ಕಿತು. ಕ್ವಾರ್ಟರ್ಸ್ ಒಪ್ಪಿಸುವ ಕಾಗದಪತ್ರ ಮುಗಿಯುವ ತನಕ ಅಪ್ಪ ಅಲ್ಲೇ ಉಳಿದರು. ಲಾರಿಯ ಹಿಂದೆ ಬಂದದ್ದು ನಾವು ಮೂವರು ಹೆಂಗಸರು. ಲಾರಿಯೊಳಗೆ, ಹಾಸಿಗೆಗಳ ನಡುವೆ, ಅಜ್ಜಿಯ ಹಟಕ್ಕೆ ಬಿಚ್ಚಿ ತಂದ ಹಳೆಯ ಡಿಶ್.

ಈ ಡಿಶ್‌ನ ಮೈಮೇಲೆಲ್ಲ ಹಳದಿ ಬಣ್ಣದ ಗೆರೆಗಳಿದ್ದವು. ಅದು ಅಪ್ಪನ ಕಾರ್ಖಾನೆಯ ಅಭ್ಯಾಸ. ಅಲ್ಲಿ ಯಾವ ಯಂತ್ರವನ್ನು ಬಿಚ್ಚಬೇಕಾದರೂ ಮೊದಲು ಎರಡು ಭಾಗಗಳ ಮೇಲೆ ಹಾದುಹೋಗುವಂತೆ ಒಂದು ಗೆರೆ ಎಳೆಯುತ್ತಾರೆ. ತಿರುಗಿ ಜೋಡಿಸುವಾಗ ಗೆರೆಗೆ ಗೆರೆ ಕೂಡಿಸಿದರೆ ಕೆಲಸ ಮುಗಿಯಿತು. ನಮ್ಮ ಮನೆಯ ಮಿಕ್ಸಿಯ ಮೇಲೆ, ಹೊಲಿಗೆ ಯಂತ್ರದ ಮೇಲೆ, ಅಜ್ಜಿಯ ಬಿಚ್ಚುಮಂಚದ ನಾಲ್ಕೂ ಕಾಲುಗಳ ಮೇಲೆ ಇಂಥ ಗೆರೆಗಳಿವೆ. ಡಿಶ್‌ಗೆ ಇನ್ನೂ ಹೆಚ್ಚಿನ ಮರ್ಯಾದೆ ಸಿಕ್ಕಿತ್ತು. ಕಂಬವನ್ನು ಹಿಡಿಯುವ ಪಟ್ಟಿಯ ಮೇಲೊಂದು ಗೆರೆ, ಬಾಗಿದ ಕೋನಕ್ಕೊಂದು ಗೆರೆ, ಕಂಬದ ಬುಡದ ಕಬ್ಬಿಣದ ತಟ್ಟೆಯ ಮೇಲೆ ಅಂಗೈ ಅಗಲದ ಬಾಣ. ಅಪ್ಪನ ನೋಟ್‌ಬುಕ್ಕಿನಲ್ಲಿ ಅದರ ವಿವರಣೆ ಒಂದೇ ಸಾಲು: 'ಬಾಣ ಸಮುದ್ರದ ಕಡೆಗೆ.' ವಿಶಾಖಪಟ್ಟಣದಲ್ಲಿ ದಾರಿ ಹೇಳುವುದೇ ಹಾಗೆ. ಸಮುದ್ರದ ಕಡೆ, ಬೆಟ್ಟದ ಕಡೆ. ಎಡ ಬಲಗಳ ಗೊಡವೆ ಯಾರಿಗೂ ಇಲ್ಲ.

ಹೊಸ ಊರು, ಹೊಸ ಮನೆ, ಕೈಯಲ್ಲಿ ಫೋನು, ಇನ್ನು ಡಿಶ್ ಯಾಕೆ ಎಂದು ಕೇಳುವವರಿದ್ದಾರೆ. ಮೊದಲು ಕೇಳಿದವಳು ನಾನೇ. ಉತ್ತರ ಹೀಗಿದೆ.

ಅಜ್ಜಿಗೆ ಧಾರವಾಡದಲ್ಲಿ ಒಬ್ಬಳು ತಂಗಿ. ನಾನು ಸಣ್ಣಜ್ಜಿ ಅನ್ನುತ್ತೇನೆ. ಸಣ್ಣಜ್ಜಿಯ ಮೊಣಕಾಲು ಬಸ್ಸು ಹತ್ತಲು ಬಿಡುವುದಿಲ್ಲ, ಅಜ್ಜಿಯ ಬೆನ್ನು ರೈಲಿನಲ್ಲಿ ಕೂರಲು ಬಿಡುವುದಿಲ್ಲ. ಇಬ್ಬರೂ ಮುಖ ನೋಡಿ ಆರು ವರ್ಷವಾಗಿದೆ. ಆದರೆ ದಿನಾ ಸಂಜೆ ಏಳಕ್ಕೆ ಇಬ್ಬರೂ ಒಂದೇ ಕನ್ನಡ ಧಾರಾವಾಹಿ ಹಚ್ಚಿಕೊಂಡು, ಫೋನನ್ನು ಸ್ಪೀಕರಿಗೆ ಹಾಕಿ ಮಡಿಲಲ್ಲಿಟ್ಟುಕೊಂಡು ಜಗಳವಾಡುತ್ತಾರೆ. ಆ ಧಾರಾವಾಹಿಯಲ್ಲಿ ಒಬ್ಬಳು ಒಳ್ಳೆಯ ಸೊಸೆ, ಒಬ್ಬಳು ಕೆಟ್ಟ ನಾದಿನಿ. ಸಣ್ಣಜ್ಜಿ ಸೊಸೆಯ ಕಡೆ. ಅಜ್ಜಿ ಮೊದಲ ದಿನದಿಂದ ನಾದಿನಿಯ ವಕೀಲೆ. "ಆಕೀ ಪರವಾಗಿ ಆ ಮನ್ಯಾಗ ಒಬ್ಬರೂ ಮಾತಾಡೂದಿಲ್ಲ. ಹಂಗಾರ ನಾನರ ಮಾತಾಡ್ಬೇಕಲ್ಲ?" ಎನ್ನುವುದು ಅವಳ ನಿಲುವು. ನಾದಿನಿ ಹಾಲಿಗೆ ಏನೋ ಬೆರೆಸಿದ ದಿನವೂ ಅಜ್ಜಿ ಸೋಲೊಪ್ಪಿಕೊಳ್ಳಲಿಲ್ಲ; ಆ ಲೋಟವನ್ನು ಮುಚ್ಚದೆ ಇಟ್ಟವರು ಯಾರು ಎಂದು ಕೇಳಿದಳು. ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳು ಅಟ್ಟದ ಮೇಲಿವೆ. ಅವುಗಳ ತರಬೇತಿ ಎಲ್ಲಿ ನಡೆಯಿತೆಂದು ಬೇರೆ ಹೇಳಬೇಕಿಲ್ಲ.

ಫೋನಿನಲ್ಲೇ ನೋಡಬಹುದಲ್ಲ ಎಂದು ಒಂದು ಸಲ ತೋರಿಸಿದೆ. ಫೋನಿನಲ್ಲಿ ಅದೇ ಧಾರಾವಾಹಿ ಡಿಶ್‌ಗಿಂತ ಅರ್ಧ ನಿಮಿಷ ಹಿಂದೆ ಓಡುತ್ತದೆ. ಧಾರವಾಡದಲ್ಲಿ ಸಣ್ಣಜ್ಜಿ "ಅಯ್ಯಯ್ಯೋ, ಹೊಡದೇಬಿಟ್ಳು!" ಎಂದು ಕೂಗಿದಾಗ ನಮ್ಮಲ್ಲಿ ನಾದಿನಿ ಇನ್ನೂ ಬಾಗಿಲು ತಟ್ಟುತ್ತಿದ್ದಳು. ಅಜ್ಜಿ ಫೋನನ್ನು ನನ್ನ ಕೈಗೆ ಕೊಟ್ಟು, "ತೀರ್ಪು ಬಂದಮ್ಯಾಲೆ ವಾದ ಮಾಡಂತೀಯೇನ?" ಅಂದಳು. ನ್ಯಾಯವಾದ ಆಕ್ಷೇಪಣೆ. ಹಾಗಾಗಿ ಡಿಶ್ ಬಂತು.

ಇನ್ನೊಂದು ವಿಷಯ ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ಬರೀ ಹುಂಬತನದಂತೆ ಕಾಣುತ್ತದೆ. ಈ ಮನೆ ಕೊಳ್ಳುವಾಗ ಬಿಲ್ಡರ್ ಕೊಟ್ಟ ಹಾಳೆಯಲ್ಲಿ 'ನೂರಕ್ಕೆ ನೂರು ವಾಸ್ತು' ಎಂದು ಅಚ್ಚಾಗಿತ್ತು. ನೂರು ಅಂಕ ಕೊಟ್ಟವರು ಯಾರು, ಪ್ರಶ್ನೆಪತ್ರಿಕೆ ಎಲ್ಲಿ ಎಂದು ನಾನು ಬಿಲ್ಡರ್‌ನ ಆಫೀಸಿನಲ್ಲೇ ಕೇಳಿದೆ. ಅಮ್ಮ ಮೇಜಿನ ಕೆಳಗೆ ನನ್ನ ಕಾಲು ತುಳಿದರು. ಮನೆಗೆ ಬಂದ ಮೇಲೂ ಆ ವಾದ ನಿಲ್ಲಲಿಲ್ಲ. ಒಲೆ ಈ ಮೂಲೆಯಲ್ಲೇ ಇರಬೇಕು, ನೀರಿನ ಟ್ಯಾಂಕು ಆ ಮೂಲೆಯಲ್ಲೇ ಇರಬೇಕು ಎಂದು ಅಮ್ಮ ಅನ್ನುವುದು, ಪುರಾವೆ ಎಲ್ಲಿ ಎಂದು ನಾನು ಕೇಳುವುದು. ಕೊನೆಗೆ ಅಮ್ಮ "ಪೋನೀಲೇವೇ" ಎಂದು, ಹೋಗಲಿ ಬಿಡೇ ಎಂದು, ಕುಕ್ಕರ್ ಇಡುವುದು. ನಾನು ಗೆದ್ದೆ ಎಂದುಕೊಳ್ಳುವುದು. ಒಲೆ ಮಾತ್ರ ಅದೇ ಮೂಲೆಯಲ್ಲಿರುತ್ತಿತ್ತು.

ಮನೆಗೆ ಬಂದ ನಾಲ್ಕನೇ ದಿನ ಡಿಶ್ ಕಟ್ಟುವವರು ಬಂದರು. ಐವತ್ತರ ಹತ್ತಿರದ ಮನುಷ್ಯ, ಕುತ್ತಿಗೆಗೆ ಕರವಸ್ತ್ರ, ಕೈಯಲ್ಲಿ ಸ್ಪ್ಯಾನರ್ ತುಂಬಿದ ಬಟ್ಟೆಚೀಲ. ಟೆರೇಸಿಗೆ ತೂತು ಕೊರೆಯಬಾರದು ಎಂಬುದು ಕಟ್ಟಡದ ಅಸೋಸಿಯೇಶನ್ನಿನ ನಿಯಮ. ಹಾಗಾಗಿ ಕಂಬದ ಬುಡದ ತಟ್ಟೆಯನ್ನು ನೆಲದ ಮೇಲಿಟ್ಟು ನಾಲ್ಕು ಸಿಮೆಂಟ್ ಇಟ್ಟಿಗೆ ಹೇರಿದರೆ ಸಾಕು ಅಂದರು. ಆಮೇಲೆ ಸುತ್ತ ನೋಡಿ, "ಮೀ ವಂಟಿಲ್ಲು ಎಕ್ಕಡಂಡಿ?" ಎಂದು ಕೇಳಿದರು. ಅಡುಗೆಮನೆ ಎಲ್ಲಿದೆ ಎಂದು. ಬಾಯಾರಿಕೆಯಾಗಿರಬೇಕು ಎಂದುಕೊಂಡು ನಾನು ಕೆಳಗೆ ಹೋಗಿ ನೀರು ತಂದುಕೊಟ್ಟೆ. ನೀರು ಕುಡಿದು, ಬಾಯಿ ಒರೆಸಿಕೊಂಡು, ಮತ್ತೆ ಅದನ್ನೇ ಕೇಳಿದರು.

ನಮ್ಮ ಮಾತು ನಡೆದದ್ದು ತೆಲುಗಿನಲ್ಲಿ. ನನಗೆ ಕನ್ನಡಕ್ಕಿಂತ ತೆಲುಗಿನಲ್ಲೇ ವಾದ ಸಲೀಸು.

"ಯಾಕೆ?" ಅಂದೆ.

"ಡಿಶ್ ಮುಖ ಆ ಕಡೆಗಿಡಬೇಕು ಮೇಡಂ."

"ಅಡುಗೆಮನೆ ಕಡೆಗೆ? ಉಪಗ್ರಹಕ್ಕೆ ನಮ್ಮ ಸಾರಿನ ವಾಸನೆ ಹೋಗಬೇಕೇನು?"

ಅವರು ನಕ್ಕರು. "ಸಾರಲ್ಲ ಮೇಡಂ, ಮೂಲೆ. ವಂಟಿಲ್ಲು ಯಾವಾಗಲೂ ಆಗ್ನೇಯ ಮೂಲೆಯಲ್ಲೇ ಅಲ್ಲವೇ ಇರುವುದು? ಅದನ್ನು ನೋಡಿಕೊಂಡು ತಿರುಗಿಸಿದರೆ ಬಂದುಬಿಡುತ್ತೆ."

ಬಿಲ್ಡರ್‌ನ ಹಾಳೆ ನನ್ನ ಕಣ್ಣ ಮುಂದೆ ಬಂತು. ಮನೆಯೊಳಗೆ ಒಲೆಗೆ ವಾಸ್ತು, ಈಗ ಮನೆಯ ನೆತ್ತಿಯ ಮೇಲೆ ಟಿವಿಗೂ ವಾಸ್ತು. ನಾನು ಸೊಂಟಕ್ಕೆ ಕೈ ಇಟ್ಟುಕೊಂಡೆ.

"ನೀವು ಹೇಗೆ ಹೇಳುತ್ತೀರಿ?"

"ಇಪ್ಪತ್ತು ವರ್ಷದಿಂದ ಹೀಗೇ ಕಟ್ಟುತ್ತಿದ್ದೇನೆ ಮೇಡಂ."

"ಇಪ್ಪತ್ತು ವರ್ಷ ಎಂಬುದು ಪುರಾವೆಯಲ್ಲ. ಇಪ್ಪತ್ತು ವರ್ಷ ಒಂದೇ ತಪ್ಪು ಮಾಡಬಹುದು."

"ಸುತ್ತ ನೋಡಿ. ಎಲ್ಲ ಡಿಶ್ಶೂ ಆ ಕಡೆಗೇ ಇವೆ."

"ಎಲ್ಲರೂ ಮಾಡಿದ್ದಾರೆ ಎಂಬುದೂ ಪುರಾವೆಯಲ್ಲ. ಅವನ್ನೆಲ್ಲ ಕಟ್ಟಿದ್ದು ನೀವೇ ಇರಬಹುದು."

"ಅರ್ಧ ನಾನೇ," ಎಂದರು ಅವರು, ಸ್ವಲ್ಪ ಹೆಮ್ಮೆಯಿಂದ. ಆಮೇಲೆ ತಲೆ ಕೆರೆದುಕೊಂಡು, "ತಪ್ಪಾಗಿ ಕಟ್ಟಿದ್ದರೆ ಜನ ಟಿವಿ ಹೇಗೆ ನೋಡುತ್ತಿದ್ದಾರೆ ಮೇಡಂ?" ಎಂದು ಕೇಳಿದರು.

ಉತ್ತರವಿಲ್ಲದ ಪ್ರಶ್ನೆ ಬಂದಾಗ ಚರ್ಚೆಯಲ್ಲಿ ಏನು ಮಾಡಬೇಕೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು: ಅದನ್ನು ದಾಟಿ ಹೊಸ ದಾಖಲೆ ಮಂಡಿಸಬೇಕು. ಕೆಳಗೋಡಿ ಅಪ್ಪನ ನೋಟ್‌ಬುಕ್ ತಂದೆ. 'ಬಾಣ ಸಮುದ್ರದ ಕಡೆಗೆ' ಎಂದು ತೆಲುಗಿನಲ್ಲಿ ಓದಿ ಹೇಳಿದೆ. ಇಂಜಿನಿಯರ್ ಬರೆದದ್ದು, ಹನ್ನೊಂದು ವರ್ಷ ಒಂದು ದಿನವೂ ತಪ್ಪದೆ ಚಿತ್ರ ಬಂದದ್ದು ಎಂದೂ ಸೇರಿಸಿದೆ. ವರ್ಷಗಳ ಲೆಕ್ಕ ಪುರಾವೆಯಲ್ಲ ಎಂದು ಒಂದು ನಿಮಿಷದ ಹಿಂದಷ್ಟೇ ನಾನು ಹೇಳಿದ್ದು ಇಬ್ಬರಿಗೂ ನೆನಪಾಗಲಿಲ್ಲ, ಅಥವಾ ಅವರಿಗೆ ನೆನಪಾಗಿಯೂ ಸುಮ್ಮನಿದ್ದರು.

"ವಿಜಯವಾಡದಲ್ಲಿ ಸಮುದ್ರ ಎಲ್ಲಿದೆ ಮೇಡಂ? ನಮಗಿರುವುದು ಕೃಷ್ಣಾ ನದಿ."

"ಕಾಣದಿದ್ದರೇನು, ದಿಕ್ಕು ಇದ್ದೇ ಇದೆಯಲ್ಲ. ಇದು ಪೂರ್ವ ಕರಾವಳಿ. ಸಮುದ್ರ ಪೂರ್ವಕ್ಕೆ. ಮೂರನೇ ತರಗತಿಯ ಪಾಠ." ಫೋನಿನಲ್ಲಿ ದಿಕ್ಸೂಚಿ ತೆಗೆದು ಪೂರ್ವಕ್ಕೆ ಕೈ ತೋರಿಸಿದೆ.

ಅವರು ನನ್ನ ಕೈಯನ್ನೂ, ಬಿಸಿಲನ್ನೂ ನೋಡಿದರು. "ಅಲಾಗೇನಂಡಿ," ಅಂದರು. ಹಾಗೇ ಆಗಲಿ ಎಂದು. ತಟ್ಟೆಯ ಬಾಣವನ್ನು ಪೂರ್ವಕ್ಕೆ ತಿರುಗಿಸಿ, ಇಟ್ಟಿಗೆ ಹೇರಿ, ಗೆರೆಗೆ ಗೆರೆ ಕೂಡಿಸಿ ನಟ್ಟು ಬಿಗಿದರು. ಕೇಬಲ್ ಇಳಿಬಿಟ್ಟು ಕೆಳಗೆ ಬಂದು ಟಿವಿಯ ಸೆಟ್‌ಟಾಪ್ ಬಾಕ್ಸಿಗೆ ಸಿಕ್ಕಿಸಿದರು. ಪರದೆಯ ಮೇಲೆ ಎರಡು ಪಟ್ಟಿಗಳು ಬಂದವು. ಸ್ಟ್ರೆಂತ್ ಎಂಬ ಪಟ್ಟಿ ಅರ್ಧಕ್ಕೂ ಮೇಲೆ ತುಂಬಿತು. ಕ್ವಾಲಿಟಿ ಎಂಬುದು ಸೊನ್ನೆ.

"ಸ್ಟ್ರೆಂತ್ ಇದೆಯಲ್ಲ! ಹಾಗಾದರೆ ಡಿಶ್ ಸರಿ ಇದೆ. ಲಾರಿಯಲ್ಲಿ ಕುಲುಕಿ ಬಾಕ್ಸ್ ಕೆಟ್ಟಿದೆ," ಎಂದೆ.

"ಸ್ಟ್ರೆಂತ್ ಡಿಶ್ಶನ್ನು ಗೋಡೆಗೆ ತಿರುಗಿಸಿದರೂ ಬರುತ್ತೆ ಮೇಡಂ. ತಂತಿಯಲ್ಲಿ ಕರೆಂಟ್ ಹೋಗುತ್ತಿದೆ ಅಂತ ಅಷ್ಟೇ. ಕ್ವಾಲಿಟಿ ಬಂದರೇ ಚಿತ್ರ."

ನಾನು ಒಪ್ಪಲಿಲ್ಲ. ಬಾಕ್ಸು ಕೆಟ್ಟಿಲ್ಲ ಎಂದು ನೀವು ಸಾಬೀತುಮಾಡಿ ತೋರಿಸಿ ಅಂದೆ. ಇಲ್ಲದ್ದನ್ನು ಸಾಬೀತುಮಾಡಿ ಎನ್ನುವುದು ಮೋಸದ ಪಟ್ಟು. ಎದುರಾಳಿ ಹಾಕಿದ್ದರೆ ನಾನೇ ತೀರ್ಪುಗಾರರ ಕಡೆ ತಿರುಗಿ ಕೈಯೆತ್ತುತ್ತಿದ್ದೆ. ಅವರು ಕೈಯೆತ್ತಲಿಲ್ಲ. "ಅಲಾಗೇನಂಡಿ. ಬಾಕ್ಸ್ ಅಂತ ಬರೆದುಕೊಳ್ಳುತ್ತೇನೆ. ಹೊಸದು ಬರಲು ಒಂದು ವಾರ," ಎಂದು, ನಂಬರ್ ಬರೆದ ಚೀಟಿ ಕೊಟ್ಟು, ಅಜ್ಜಿಗೆ ಕೈಮುಗಿದು ಹೋದರು.

ಅಜ್ಜಿ ಕುರ್ಚಿಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳಿಗೆ ತೆಲುಗು ಬರುವುದಿಲ್ಲ ಎಂದು ಅವಳೇ ಹೇಳುತ್ತಾಳೆ, ಆದರೆ ಯಾವ ಭಾಷೆಯ ಜಗಳವೂ ಅವಳಿಗೆ ಅರ್ಥವಾಗುತ್ತದೆ.

"ಗೆದ್ದ್ಯೇನ?" ಎಂದು ಕೇಳಿದಳು.

"ಗೆದ್ದೆ."

"ಹಂಗಾರ ಟಿವಿ ಹಚ್ಚು."

ಆ ಸಂಜೆ ಏಳಕ್ಕೆ ಧಾರವಾಡದಿಂದ ಫೋನು ಬಂತು. "ಅಕ್ಕಾ, ಹಚ್ಚೀಯೇನ?" "ಇಲ್ಲವಾ, ಇನ್ನೂ ಬರವಲ್ತು." "ಹೌದಾ? ಊಟ ಆತೇನ?" "ಇಷ್ಟ ಲಗೂನ? ಇನ್ನೂ ಇಲ್ಲ." ಅಷ್ಟೇ. ಸಣ್ಣಜ್ಜಿಗೆ ಧಾರಾವಾಹಿ ನೋಡುವ ಆತುರ, ಅಜ್ಜಿಗೆ ಅವಳನ್ನು ತಡೆಯಬಾರದೆಂಬ ಮರ್ಯಾದೆ. ಅರ್ಧ ಗಂಟೆ ಜಗಳವಾಡುತ್ತಿದ್ದ ಅಕ್ಕತಂಗಿಯರಿಗೆ ಸಮಾಧಾನದಿಂದ ಮಾತಾಡಲು ಅರ್ಧ ನಿಮಿಷದಷ್ಟೂ ವಿಷಯವಿರಲಿಲ್ಲ.

ಮರುದಿನ ಬೆಳಿಗ್ಗೆ ನಾನೇ ಸ್ಪ್ಯಾನರ್ ಹಿಡಿದೆ. ಬಾಕ್ಸಿಗಾಗಿ ವಾರ ಕಾಯಬೇಕೇ, ಬೇರೆ ಸಾಧ್ಯತೆಗಳನ್ನು ಒಂದೊಂದಾಗಿ ತಳ್ಳಿಹಾಕೋಣ ಎಂದುಕೊಂಡೆ. ಕೇಬಲ್ಲಿನ ತುದಿಯ ಪಿನ್ ತೆಗೆದು ನೋಡಿದರೆ ಒಳಗೆಲ್ಲ ಹಸಿರು. ವಿಶಾಖಪಟ್ಟಣದ ಉಪ್ಪು ಗಾಳಿ ತಾಮ್ರವನ್ನು ತಿಂದಿತ್ತು. ಸಿಕ್ಕಿತು ಎಂದು ಕುಣಿದೆ. ಹಾಳಾದಷ್ಟು ಕತ್ತರಿಸಿ, ಮೇಲಿನ ಕಪ್ಪು ಸಿಪ್ಪೆ ಸುಲಿದು, ಹೊಳೆಯುವ ತಂತಿ ಹೊರಗೆ ಕಾಣುವಂತೆ ಹೊಸ ಪಿನ್ ಹಾಕಿದೆ. ಸ್ಟ್ರೆಂತ್ ಇನ್ನೂ ಹೆಚ್ಚಾಯಿತು. ಕ್ವಾಲಿಟಿ ಸೊನ್ನೆ. ಬಾಕ್ಸಿನ ಕಾರ್ಡನ್ನು ಹೊರತೆಗೆದು ರಬ್ಬರಿನಿಂದ ಉಜ್ಜಿದೆ. ಸೊನ್ನೆ. ಬಾಕ್ಸನ್ನು ಕಂಪನಿಯಿಂದ ಬಂದಾಗಿನ ಸ್ಥಿತಿಗೆ ತಂದೆ. ಸೊನ್ನೆ, ಮೇಲಾಗಿ ಅಜ್ಜಿ ಮೆಚ್ಚಿನವೆಂದು ಗುರುತು ಹಾಕಿಸಿಕೊಂಡಿದ್ದ ಚಾನೆಲ್ಲುಗಳ ಪಟ್ಟಿಯೂ ಅಳಿಸಿಹೋಯಿತು.

ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಆಯನ್ನ ಇನ್ನೊಂದು ಸಾರಿ ಕರೆಯೇ," ಅಂದರು ತಮ್ಮ ತೆಲುಗು ಬೆರೆಸಿದ ಕನ್ನಡದಲ್ಲಿ, ಡಿಶ್ ಕಟ್ಟುವವರನ್ನು ಕುರಿತು.

"ಆಯನಿಗೆ ಗೊತ್ತಿರುವುದು ವಾಸ್ತು, ಅಮ್ಮಾ."

"ನಿನಗೆ ಗೊತ್ತಿರುವುದು ಏನು?"

"ತರ್ಕ."

"ತರ್ಕದಲ್ಲಿ ಅತ್ತಯ್ಯಗೆ ಸೀರಿಯಲ್ ಬರುತ್ತಾ?"

ನಾನು ಸ್ಕ್ರೂ ಹುಡುಕಿದೆ.

ಮೂರನೆಯ ಸಂಜೆ ಸಣ್ಣಜ್ಜಿಗೆ ತಡೆಯಲಾಗಲಿಲ್ಲ. ಧಾರಾವಾಹಿ ಮುಗಿದ ಮೇಲೆ ಫೋನು ಮಾಡಿದಳು. ಸ್ಪೀಕರಿನಲ್ಲಿ ಅವಳ ದನಿ ಹಾಲ್ ತುಂಬಿತು.

"ಅಕ್ಕಾ, ಇವತ್ತ ನಿನ್ನ ನಾದಿನಿ ಏನ್ ಮಾಡಿದ್ಳು ಗೊತ್ತೇನ? ಕಾಗದಾ ಸುಟ್ಟುಬಿಟ್ಳು! ಈಗ ಹೇಳು, ಈಗ ಹೇಳು ಏನಂತೀ."

ನಾನು ಕೈಯಲ್ಲಿದ್ದ ಕೇಬಲ್ ಬಿಟ್ಟು ಕಾದೆ. ಇಂಥ ಆರೋಪಕ್ಕೆ ಅಜ್ಜಿಯ ಪ್ರತಿವಾದ ಹೇಗಿರುತ್ತದೆಂದು ನನಗೆ ಗೊತ್ತು. ಯಾವ ಕಾಗದ, ಅಸಲೋ ನಕಲೋ, ಸುಟ್ಟದ್ದನ್ನು ಕಂಡವರು ಯಾರು.

ಅಜ್ಜಿ ಸೀರೆಯ ಸೆರಗು ಸರಿಮಾಡಿಕೊಂಡಳು. "ನಾ ನೋಡಿಲ್ಲವಾ," ಅಂದಳು. "ನೋಡದ ಮಾತಿನ್ಯಾಗ ನಾ ಏನ್ ಹೇಳ್ಲಿ?"

"ನಾ ಹೇಳ್ಲಿಕ್ಕತ್ತೇನಲ್ಲ."

"ನೀ ಹೇಳೂದು ನಿನ್ನ ಕಡೀದು. ಸುಡೂ ಮುಂದ ಆಕೀ ಮಾರಿ ಹೆಂಗಿತ್ತು, ಕೈ ನಡಗ್ತೋ ಇಲ್ಲೋ, ಅದು ನಾ ಕಣ್ಣಾರೆ ನೋಡ್ಬೇಕು. ನೋಡದ ಮಾತಾಡಿದ್ರ ಅದು ವಾದ ಅಲ್ಲ, ಬರೇ ಬಾಯಿ."

ಆಚೆ ಕಡೆಯಿಂದ ಸಣ್ಣಜ್ಜಿ, "ನೀ ಇಲ್ದ ಮಜಾ ಬರವಲ್ತು ಅಕ್ಕಾ. ನಾಳೆಯಿಂದ ನಾನೂ ನೋಡೂದು ಬಿಡ್ತೀನಿ," ಅಂದಳು. ಅಜ್ಜಿ "ಹುಚ್ಚಿ, ಹಂಗ್ಯಾಕ," ಅಂದಳೇ ಹೊರತು ಅದಕ್ಕೂ ವಾದ ಮಾಡಲಿಲ್ಲ. ಫೋನಿಟ್ಟು, ಮಡಿಲಲ್ಲಿ ಕೈ ಕಟ್ಟಿಕೊಂಡು, 'ಸಿಗ್ನಲ್ ಇಲ್ಲ' ಎಂಬುದನ್ನು ಸ್ವಲ್ಪ ಹೊತ್ತು ನೋಡಿದಳು. ನನ್ನ ಕಡೆ ನೋಡಲಿಲ್ಲ.

ಬರೇ ಬಾಯಿ. ಅದು ತನಗೇ ಹೇಳಿಕೊಂಡದ್ದೋ, ಸಣ್ಣಜ್ಜಿಗೋ, ನನಗೋ ಎಂದು ಕೇಳಿ ತಿಳಿಯುವ ಧೈರ್ಯವಾಗಲಿಲ್ಲ.

ಬೆಳಿಗ್ಗೆ ಏಳುತ್ತಲೇ ಟೆರೇಸಿಗೆ ಹೋದೆ. ಈ ಸಲ ಸ್ಪ್ಯಾನರ್ ಒಯ್ಯಲಿಲ್ಲ. ಸುಮ್ಮನೆ ನೋಡಿದೆ. ದೂರದಲ್ಲಿ ಗುಡಿಯಿರುವ ಇಂದ್ರಕೀಲಾದ್ರಿ ಬೆಟ್ಟದ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ನಡುವಿನ ಎಲ್ಲ ಟೆರೇಸುಗಳ ಮೇಲೂ ಡಿಶ್‌ಗಳು, ಪ್ರಾರ್ಥನೆಗೆ ನಿಲ್ಲಿಸಿದ ಶಾಲೆಯ ಮಕ್ಕಳಂತೆ ಒಂದೇ ಕಡೆಗೆ ಮುಖ ಮಾಡಿದ್ದವು. ನಮ್ಮದೊಂದೇ ಸೂರ್ಯನನ್ನು ನೋಡುತ್ತಿತ್ತು. ಎಲ್ಲರೂ ಮಾಡಿದ್ದಾರೆ ಎಂಬುದು ಪುರಾವೆಯಲ್ಲ, ನಿಜ. ಆದರೆ ಅವರೆಲ್ಲರ ಮನೆಯಲ್ಲೂ ಚಿತ್ರ ಬರುತ್ತಿದೆ ಎಂಬುದು ಪುರಾವೆಯೇ. ಆ ಮನುಷ್ಯ ಕೇಳಿದ್ದು ಅದನ್ನೇ.

ಟೆರೇಸಿನ ಒಂದು ಮೂಲೆಯಲ್ಲಿ ನಮ್ಮ ಅಡುಗೆಮನೆಯ ಹೊಗೆಕೊಳವೆ ಮೇಲಕ್ಕೆ ಬಂದಿದೆ. ಅಮ್ಮ ಒಗ್ಗರಣೆ ಹಾಕುತ್ತಿದ್ದರು, ವಾಸನೆ ಬರುತ್ತಿತ್ತು. ಕಂಬದ ಬಳಿ ನಿಂತು ದಿಕ್ಸೂಚಿಯನ್ನು ಆ ಕೊಳವೆಯತ್ತ ಹಿಡಿದೆ. ಆಗ್ನೇಯ. ಪಕ್ಕದ ಕಟ್ಟಡದ ಕೊಳವೆಗಳು, ಅದರಾಚೆಯ ಕಟ್ಟಡದವು, ಎಲ್ಲವೂ ಅವವುಗಳ ಆಗ್ನೇಯ ಮೂಲೆಯಲ್ಲಿ. ವಾಸ್ತು ನಿಜವೆಂದು ನಾನಂತೂ ಇಂದಿಗೂ ಒಪ್ಪಿಲ್ಲ. ಆದರೆ ಈ ಊರನ್ನು ಕಟ್ಟಿದವರು ಒಪ್ಪಿದ್ದರು. ಅವರು ಒಪ್ಪಿದ್ದರಿಂದ ಅಡುಗೆಮನೆಗಳು ನಿಜವಾಗಿಯೂ ಆ ಮೂಲೆಗೇ ಬಂದು ಕೂತಿದ್ದವು. ನಂಬಿಕೆ ಸುಳ್ಳಿರಬಹುದು, ಸಿಮೆಂಟು ಸುಳ್ಳಲ್ಲ. ಉಪಗ್ರಹವಿರುವುದು ಆಗ್ನೇಯದ ಆಕಾಶದಲ್ಲಿ; ಅದನ್ನು ಹುಡುಕಲು ಡಿಶ್ ಕಟ್ಟುವವನಿಗೆ ಬೇಕಾದ್ದು ಸಿಮೆಂಟು.

ಹಾಗಾದರೆ ಅಪ್ಪನ ಬಾಣ? ಎಲ್ಲವನ್ನೂ ಅನುಮಾನಿಸಿದ ನಾನು ಅನುಮಾನಿಸದೆ ಬಿಟ್ಟದ್ದು ಅದೊಂದನ್ನೇ. ಅಲ್ಲೇ ನಿಂತು ಅಪ್ಪನಿಗೆ ಫೋನು ಹಚ್ಚಿದೆ.

"ಏನ್ ಮಗಳ, ಬಂತೇನು?"

"ಅಪ್ಪಾ, ನಮ್ಮ ಕ್ವಾರ್ಟರ್ಸಿನಿಂದ ಸಮುದ್ರ ಯಾವ ದಿಕ್ಕಿಗೆ? ಪೂರ್ವಕ್ಕಲ್ಲವೇ?"

"ಯಾರು ಹೇಳಿದ್ರು? ಇಲ್ಲಿ ದಂಡಿ ಓರೆ ಅದ. ಸಮುದ್ರ ಆಗ್ನೇಯಕ್ಕ. ಹದಿನಾರು ವರ್ಷ ವರಾಂಡದಾಗ ಕೂತು ಓದೀದಿ, ಗಾಳಿ ಯಾವ ಕಡಿಂದ ಬರ್ತಿತ್ತು?"

ಅಪ್ಪ ಕೇಳಿದ್ದೇ ನೆನಪಾಯಿತು. ಬೆಳಗಿನ ಬಿಸಿಲು ಮಲಗುವ ಕೋಣೆಯ ಕಿಟಕಿಯಿಂದ ಬರುತ್ತಿತ್ತು. ಮಧ್ಯಾಹ್ನದ ಸಮುದ್ರದ ಗಾಳಿ ವರಾಂಡದ ಕಡೆಯಿಂದ, ಬೇರೆಯದೇ ಗೋಡೆಯಿಂದ. ನನ್ನ ನೋಟ್ಸ್ ಹಾರಿಹೋಗದಂತೆ ಅಜ್ಜಿ ಅದರ ಮೇಲೆ ವೀಳ್ಯದ ಡಬ್ಬಿ ಇಡುತ್ತಿದ್ದಳು. ಸೂರ್ಯ ಮತ್ತು ಸಮುದ್ರ ಒಂದೇ ಕಡೆ ಇರಲಿಲ್ಲ. ಇದು ನನ್ನ ಚರ್ಮಕ್ಕೆ ಗೊತ್ತಿತ್ತು. ನಾನು ಮೂರನೇ ತರಗತಿಯ ನಕಾಶೆಯನ್ನು ಸಾಕ್ಷಿಗೆ ಕರೆದಿದ್ದೆ.

ಡಿಶ್ ಕಟ್ಟುವವರಿಗೆ ಫೋನು ಮಾಡಲು ಸಂಜೆಯಾಯಿತು. ಕೆಲಸವಿತ್ತು ಅಂತಲ್ಲ. ಸೋಲೊಪ್ಪಿಕೊಳ್ಳುವ ಮಾತನ್ನು ಜೋಡಿಸುತ್ತಿದ್ದೆ. ನಿಮ್ಮ ತೀರ್ಮಾನ ಸರಿ, ಆದರೆ ಕಾರಣವನ್ನು ನೀವು ಹೇಳಿದ ರೀತಿಯಿಂದ ನನಗೆ ತಪ್ಪು ಅಭಿಪ್ರಾಯ ಬಂತು, ಇತ್ಯಾದಿ. ಆರೂಕಾಲಿಗೆ ಅವರು ಫೋನೆತ್ತಿದಾಗ ಹಿಂದೆ ಗಂಟೆಯ ಸದ್ದು, ಬಸ್ಸಿನ ಹಾರನ್ನು. ಗುಡಿಬೆಟ್ಟದ ಕೆಳಗಿನ ಗಲ್ಲಿಯೊಂದರಲ್ಲಿ ಕೆಲಸದಲ್ಲಿದ್ದರು. ಬರುವುದು ನಾಳೆ ಅಂದರು. ನಾನು ನನ್ನ ಭಾಷಣ ಶುರುಮಾಡಿದೆ.

"ಅವನ್ನೀ ತರುವಾತಂಡಿ," ಎಂದು ಅವರು ತಡೆದರು. ಅದೆಲ್ಲ ಆಮೇಲೆ. "ಸ್ಪ್ಯಾನರ್ ಇದೆಯಾ?"

ಇತ್ತು.

"ಇಟ್ಟಿಗೆ ತೆಗೆದು ತಟ್ಟೆಯನ್ನು ವಂಟಿಲ್ಲು ಕಡೆಗೆ ತಿರುಗಿಸಿ. ಟಿವಿ ಮುಂದೆ ಯಾರನ್ನಾದರೂ ಕೂರಿಸಿ, ಕ್ವಾಲಿಟಿ ಎಷ್ಟು ಅಂತ ಕೂಗಿ ಹೇಳಲಿ. ಒಂದು ಬೆರಳಷ್ಟು ತಿರುಗಿಸುವುದು, ಐದು ಎಣಿಸುವುದು. ಬಾಕ್ಸ್ ನಿಧಾನ ಮೇಡಂ, ತಕ್ಷಣ ಹೇಳುವುದಿಲ್ಲ. ಐದು ಎಣಿಸುವ ತನಕ ಕೈಯೂ ಆಡಬಾರದು, ಬಾಯಿಯೂ ಆಡಬಾರದು."

ಕೊನೆಯ ಮಾತು ಎಲ್ಲರಿಗೂ ಹೇಳುವುದೋ, ನನಗೆ ಮಾತ್ರವೋ ಎಂದು ಕೇಳಲಿಲ್ಲ.

ಟಿವಿ ಮುಂದೆ ಅಜ್ಜಿ, ಮೆಟ್ಟಿಲ ನಡುವೆ ಅಮ್ಮ, ಮೇಲೆ ನಾನು. ಇಟ್ಟಿಗೆ ತೆಗೆದು ಬಾಣವನ್ನು ಒಗ್ಗರಣೆಯ ಕೊಳವೆಯತ್ತ ತಿರುಗಿಸಿದೆ. ಐದು ಎಣಿಸಿದೆ.

ಕೆಳಗಿನಿಂದ ಅಜ್ಜಿ: "ಸೊನ್ನಿ!"

ಮೆಟ್ಟಿಲಿನಿಂದ ಅಮ್ಮ: "ಸುನ್ನಾ!"

ಒಂದು ಬೆರಳು. ಐದು. "ಸೊನ್ನಿ!" "ಸುನ್ನಾ!" ಇನ್ನೊಂದು ಬೆರಳು. ಐದು. "ಹನ್ನೆರಡ!" "ಪನ್ನೆಂಡು!" ಎಂದು ಅಮ್ಮ ಕೂಗಿದರು, ಅಜ್ಜಿಯ ಕನ್ನಡ ನನಗೆ ತೆಲುಗಾಗಿ ತಲುಪುತ್ತಿದೆ ಎಂಬ ಅರಿವಿಲ್ಲದೆ. ಖುಷಿಗೆ ಐದು ಎಣಿಸದೆ ಇನ್ನೊಂದು ಬೆರಳು ತಿರುಗಿಸಿಬಿಟ್ಟೆ, ಅಂಕಿ ಮತ್ತೆ ಸೊನ್ನೆಯಾಯಿತು.

"ಇನ್ನು ತಟ್ಟೆ ಮುಟ್ಟಬೇಡಿ, ಇಟ್ಟಿಗೆ ಇಡಿ," ಎಂದಿತು ಫೋನಿನ ದನಿ. "ಕಂಬದ ಪಟ್ಟಿಯ ನಟ್ಟು ಸಡಿಲ ಮಾಡಿ ಡಿಶ್ಶನ್ನೇ ಸ್ವಲ್ಪ ತಿರುಗಿಸಿ."

ಪಟ್ಟಿಯ ಮೇಲೆ ಅಪ್ಪನ ಹಳದಿ ಗೆರೆಯಿತ್ತು. ನಟ್ಟು ಸಡಿಲಿಸಿ ತಿರುಗಿಸಿದಾಗ ಗೆರೆ ಎರಡು ತುಂಡಾಯಿತು. ಅರ್ಧ ಕಂಬದ ಮೇಲೆ, ಅರ್ಧ ಪಟ್ಟಿಯ ಮೇಲೆ, ನಡುವೆ ಅಕ್ಕಿಕಾಳಿನಷ್ಟು ಜಾಗ. ಐದು ಎಣಿಸಿದೆ. ಇಷ್ಟು ಹೊತ್ತು ನಾನು ಸುಮ್ಮನಿದ್ದದ್ದು ಬಹುಶಃ ಪರೀಕ್ಷೆಯ ಕೋಣೆಯಲ್ಲಿ ಮಾತ್ರ.

"ನಲವತ್ತ!"

"ನಲಭೈ!"

"ಈಗ ಮುಂದಿನ ಕೋಲಿನ ತುದಿಯಲ್ಲಿರುವ ಸಣ್ಣ ಡಬ್ಬಿ, ಎಲ್‌ಎನ್‌ಬಿ, ಅದನ್ನು ಹಿಡಿದು ಗಡಿಯಾರದ ಮುಳ್ಳಿನ ಹಾಗೆ ಚೂರು ತಿರುವಿ. ಈ ಕಡೆ ಇಲ್ಲವಾದರೆ ಆ ಕಡೆ."

ಈ ಕಡೆ ಇಪ್ಪತ್ತಕ್ಕಿಳಿಯಿತು. ಆ ಕಡೆ ತಿರುವಿ ಐದು ಎಣಿಸಿದೆ. ಕೆಳಗಿನಿಂದ ಅಂಕಿ ಬರಲಿಲ್ಲ. ಆರು, ಏಳು ಎಂದು ಎಣಿಸಿದೆ. ಅಮ್ಮನೂ ಕೂಗಲಿಲ್ಲ. ಬಂದದ್ದು ಹಲ್ಲಿನ ಪುಡಿಯ ಜಾಹೀರಾತು, ಕನ್ನಡದಲ್ಲಿ, ಮನೆಯೇ ಅದುರುವಂತೆ. ಬಾಕ್ಸನ್ನು ಹಳೆಯ ಸ್ಥಿತಿಗೆ ತಂದಾಗ ದನಿಯನ್ನು ಪೂರ್ತಿ ಏರಿಸಿಬಿಟ್ಟಿದ್ದೆ.

"ವಚ್ಚಿಂದಾ ಅಂಡಿ?" ಬಂತಾ ಎಂದು ಫೋನಿನಲ್ಲಿ ಕೇಳಿದರು.

"ಬಂತು. ನೀವು ಹೇಳಿದ್ದು ಸರಿಯಿತ್ತು. ಆದರೆ ಅದು ವಾಸ್ತುವಿನಿಂದಲ್ಲ, ಬಿಲ್ಡರ್‌ಗಳೆಲ್ಲ ಅಡುಗೆಮನೆಯನ್ನು..."

"ಅಲಾಗೇನಂಡಿ," ಅಂದರು ಅವರು. ಮೊದಲ ದಿನದ ಅದೇ ಪದ, ಅದೇ ದನಿ. ಅವತ್ತು ಅದನ್ನು ನಾನು ಅವರ ಸೋಲು ಎಂದು ಬರೆದುಕೊಂಡಿದ್ದೆ. ನಟ್ಟು ಚೆನ್ನಾಗಿ ಬಿಗಿಯಿರಿ, ರಾತ್ರಿ ಗಾಳಿ ಬರುತ್ತೆ ಎಂದು ಹೇಳಿ ಇಟ್ಟುಬಿಟ್ಟರು.

ಬಿಗಿದು ಕೆಳಗಿಳಿದಾಗ ಏಳಕ್ಕೆ ಎರಡು ನಿಮಿಷವಿತ್ತು. ಅಜ್ಜಿ ಆಗಲೇ ಧಾರವಾಡಕ್ಕೆ ಫೋನು ಹಚ್ಚಿದ್ದಳು.

"ಏ, ನೋಡೂದು ಬಿಟ್ಟೀಯೇನ?"

"ಇವತ್ತಿನಿಂದ ಬಿಡಬೇಕಂತ ಮಾಡಿದ್ದೆ ಅಕ್ಕಾ."

"ನಾಳೆ ಬಿಡಂತಿ. ಹಚ್ಚು ಲಗೂ."

ಶೀರ್ಷಿಕೆ ಗೀತೆ ಎರಡು ಊರಿನಲ್ಲಿ ಒಂದೇ ಕ್ಷಣಕ್ಕೆ ಶುರುವಾಯಿತು. ಸ್ಪೀಕರಿನಲ್ಲಿ ಕೇಳಿದ್ದಕ್ಕೂ ಪರದೆಯಿಂದ ಕೇಳಿದ್ದಕ್ಕೂ ಕೂದಲಷ್ಟು ಅಂತರವಿರಲಿಲ್ಲ. ಹಿಂದಿನ ದಿನ ಸುಟ್ಟ ಕಾಗದದ ಬೂದಿಯನ್ನು ಮೊದಲಿಗೆ ಮತ್ತೆ ತೋರಿಸಿದರು. ಅಜ್ಜಿ ಮುಂದಕ್ಕೆ ಬಾಗಿ ನಾದಿನಿಯ ಮುಖವನ್ನೇ ನೋಡಿದಳು.

"ಕೈ ನಡಗ್ಲಿಕ್ಕತ್ತಾವ ನೋಡು," ಅಂದಳು. "ಮನಸಿಲ್ದ ಸುಟ್ಟಾಳ. ಆಕೀಗೆ ಯಾರೋ ಹೇಳಿ ಸುಡಿಸ್ಯಾರ."

"ಅಯ್ಯ ಅಕ್ಕಾ! ಅದು ಸಿಟ್ಟಿಗೆ ನಡಗ್ಲಿಕ್ಕತ್ತಾವ!"

"ಸಿಟ್ಟು ಬಂದ್ರ ತುಟಿ ನಡಗ್ತದ. ಕೈ ಅಲ್ಲ. ಇಷ್ಟು ವರ್ಷ ಸಂಸಾರ ಮಾಡೀದಿ, ಅಷ್ಟೂ ಗೊತ್ತಿಲ್ಲ?"

ನನಗೆ ತುಟಿ ಕೈಗಳ ಈ ಸಿದ್ಧಾಂತಕ್ಕೆ ಪುರಾವೆ ಏನೆಂದು ಕೇಳಬೇಕೆನ್ನಿಸಿತು. ಐದು ಎಣಿಸಿದೆ. ಆಮೇಲೆ ಅಪ್ಪನ ನೋಟ್‌ಬುಕ್ ತೆಗೆದು, 'ಬಾಣ ಸಮುದ್ರದ ಕಡೆಗೆ' ಎಂಬ ಸಾಲಿನ ಕೆಳಗೆ, 'ವಿಜಯವಾಡ: ಬಾಣ ಅಡುಗೆಮನೆ ಕಡೆಗೆ. ಪಟ್ಟಿಯ ಗೆರೆ ಕೂಡುವುದಿಲ್ಲ, ಕೂಡಿಸಬಾರದು' ಎಂದು ಬರೆದೆ. ಇದನ್ನು ಓದಿ ಅಪ್ಪ ಏನನ್ನುತ್ತಾರೋ ಎಂದು ಅಮ್ಮನನ್ನು ಕೇಳಲು ಬಾಯಿ ತೆರೆದೆ.

"ಸುಮ್ನಿರು ಸ್ವಲ್ಪ," ಎಂದಳು ಅಜ್ಜಿ, ಪರದೆಯಿಂದ ಕಣ್ಣು ತೆಗೆಯದೆ. "ಆಕೀ ಮಾತು ಮುಗೀಲಿ."